ಅರವಟ್ಟಿಗೆ



ಚೈತ್ರಮಾಸವು ಬಂದಿತೆಂದರೆ ಕವಿಗಳಿಗೆ ಮಾಮರವೂ ಕೋಗಿಲೆಯೂ ನೆನಪಾಗುವುವು. ಬಯಲುಸೀಮೆಯ ಒಂದು ಸಣ್ಣ ಊರಿನಲ್ಲಿ ಹುಟ್ಟಿ ಬೆಳೆದ ನಮ್ಮಂಥವರಿಗಾದರೋ ಮೊದಲು ನೆನಪಾಗತಕ್ಕದ್ದು ನೀರು. ನಗರವಾಸಿಗಳಾದ ತಾವು ನಲ್ಲಿಯನ್ನು ತಿರುಗಿಸಿದರೆ ನೀರು ಬರುವುದೆಂಬ ನಂಬಿಕೆಯುಳ್ಳವರು. 2024ರ ಬೇಸಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಆ ನಂಬಿಕೆಯೂ ಅಲುಗಾಡಿತು. ಆದುದರಿಂದ ನಾವು ಈ ಹೊತ್ತು ಆಡಬೇಕೆಂದಿರುವ ಮಾತು ತಮಗೆ ತೀರ ಹೊರಗಿನದಾಗಲಾರದೆಂದು ಧೈರ್ಯಮಾಡಿದ್ದೇವೆ.

ಆ ಮಾತು ಅರವಟ್ಟಿಗೆಯನ್ನು ಕುರಿತದ್ದು. ಬೇಸಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆಗಳನ್ನು ಧರ್ಮಾರ್ಥವಾಗಿ ಕೊಡುವ ಚಪ್ಪರಕ್ಕೆ ಈ ಹೆಸರು. ಶಬ್ದದ ಮೊದಲಲ್ಲಿರುವ 'ಅರ' ಎಂಬುದಕ್ಕೆ ಹಳಗನ್ನಡದಲ್ಲಿ ಧರ್ಮವೆಂದೇ ಅರ್ಥ. ನಮ್ಮ ನಾಡಿನ ಶಾಸನಗಳಲ್ಲಿ ಕೆರೆ ಬಾವಿ ದೇವಾಲಯಗಳ ಜೊತೆಗೆ ಅರವಟ್ಟಿಗೆಗೂ ದತ್ತಿ ಬಿಟ್ಟ ಸಂಗತಿ ಬರುತ್ತದೆ. ನೀರು ಕೊಡುವುದು ಉಪಕಾರವೆಂದಲ್ಲ, ಮಾಡಿಯೇ ತೀರಬೇಕಾದ ಕೆಲಸವೆಂದು ನಮ್ಮ ಹಿರಿಯರು ಬಗೆದಿದ್ದರು. ಆದರೆ ಅದನ್ನು ಯಾರಿಗೆ, ಹೇಗೆ ಕೊಡುತ್ತಿದ್ದರೆಂಬುದು ಬೇರೆ ಪ್ರಶ್ನೆ. ಅಲ್ಲಿಗೆ ಆಮೇಲೆ ಬರುತ್ತೇವೆ.

ನಮ್ಮ ಊರು ಗೌರಿಬಿದನೂರಿನ ಸೀಮೆಯಲ್ಲಿ, ವಿದುರಾಶ್ವತ್ಥಕ್ಕೆ ಹೋಗುವ ಜನ ಹಾಯ್ದು ಹೋಗುವ ದಾರಿಯಲ್ಲಿದೆ. ಆಗ ಅದು ಕೋಲಾರದ ಜಿಲ್ಲೆ; 2007ರಿಂದ ಚಿಕ್ಕಬಳ್ಳಾಪುರದ ಜಿಲ್ಲೆ. ಒಂದೇ ಬೀದಿಯಲ್ಲಿ ಕನ್ನಡದಲ್ಲಿ ಆರಂಭವಾದ ಜಗಳ ತೆಲುಗಿನಲ್ಲಿ ಮುಗಿಯುವ ಸೀಮೆ ಅದು. ಉತ್ತರ ಪಿನಾಕಿನಿಯೆಂಬ ನದಿಯೊಂದು ಅಲ್ಲಿ ಹರಿಯುತ್ತದೆಂದು ಭೂಗೋಳದ ಪುಸ್ತಕದಲ್ಲಿ ಓದಿದ್ದೆವು. ನಾವು ಕಣ್ಣಾರೆ ಕಂಡದ್ದು ಬಹುಪಾಲು ಮರಳನ್ನು. ಮರಳಿನಲ್ಲಿ ಮೊಣಕಾಲುದ್ದ ತೋಡಿದರೆ ಚಿಲುಮೆಯೊಡೆದು, ತಿಳಿಯಾದ ತಣ್ಣನೆಯ ನೀರು ನಿಲ್ಲುತ್ತಿತ್ತು. ಹೆಂಗಸರು ಚಿಪ್ಪಿನಲ್ಲಿ ಮೊಗೆಮೊಗೆದು ಬಿಂದಿಗೆ ತುಂಬುತ್ತಿದ್ದರು. ಒಂದು ಬಿಂದಿಗೆ ತುಂಬುವಷ್ಟರಲ್ಲಿ ಊರಿನ ಸಮಾಚಾರವೆಲ್ಲ ಒಂದು ಸುತ್ತು ಬಂದಿರುತ್ತಿತ್ತು.

ಬೇಸಗೆಯೆಂದರೆ ಸಣ್ಣ ಊರಿಗೆ ಬಿಡುವು. ರಾಗಿಯ ಒಕ್ಕಣೆ ಮುಗಿದಿರುತ್ತದೆ, ಮುಂಗಾರು ಇನ್ನೂ ದೂರ. ಹಗಲು ಜಗಲಿಗಳ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಸದ್ದು. ಮಾಳಿಗೆಗಳ ಮೇಲೆ ಹಪ್ಪಳ ಸಂಡಿಗೆಗಳು, ಅವನ್ನು ಕಾಗೆಗಳಿಂದ ಕಾಯುವ ನೆವದಲ್ಲಿ ತಾವೇ ಅರ್ಧ ತಿಂದು ಮುಗಿಸುವ ಮಕ್ಕಳು. ಸಂಜೆ ರಾಮಮಂದಿರದಲ್ಲಿ ಹರಿಕಥೆ. ರಾತ್ರಿ ಜಗಲಿಯ ಮೇಲೆ ಈಚಲು ಚಾಪೆ. ಮದುವೆಗಳೂ ಜಾತ್ರೆಗಳೂ ಈ ಕಾಲದಲ್ಲಿಯೇ ಆಗತಕ್ಕವು. ಆದುದರಿಂದ ದಾರಿಯಲ್ಲಿ ಜನ ಹೆಚ್ಚು, ಬಾವಿಯಲ್ಲಿ ನೀರು ಕಡಿಮೆ. ಅರವಟ್ಟಿಗೆಯು ಬೇಕಾಗುವುದು ಇಂಥ ಹೊತ್ತಿನಲ್ಲಿಯೇ.

ನಮ್ಮ ಅಜ್ಜಿಯವರು ಯುಗಾದಿಯ ಮರುದಿನ ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ ಹಾಕಿಸುತ್ತಿದ್ದರು. ಚಪ್ಪರದ ಕೆಳಗೆ ಹೊಳೆಯ ಮರಳನ್ನು ಹರಡಿ, ಅದರ ಮೇಲೆ ಎರಡು ದೊಡ್ಡ ಮಣ್ಣಿನ ಗುಡಾಣಗಳನ್ನು ಕೂರಿಸಿ, ಮರಳಿಗೆ ದಿನಕ್ಕೆ ಮೂರು ಸಲ ನೀರು ಚಿಮುಕಿಸಬೇಕು. ಗುಡಾಣವು ಹೊಸದಾದಷ್ಟೂ ನೀರು ತಣ್ಣಗಿರುವುದು. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗುವ ನೀರು ಆವಿಯಾಗುತ್ತ ಒಳಗಿನ ಕಾವನ್ನು ಎಳೆದುಕೊಂಡು ಹೋಗುತ್ತದೆ. ಹಳೆಯ ಗುಡಾಣದಲ್ಲಿ ರಂಧ್ರಗಳು ಕಟ್ಟಿಹೋಗಿ ಈ ವ್ಯಾಪಾರ ನಿಲ್ಲುತ್ತದೆ. ಅಜ್ಜಿಯವರಿಗೆ ಭೌತಶಾಸ್ತ್ರ ಗೊತ್ತಿರಲಿಲ್ಲ. ಆದರೆ ಕುಂಬಾರನು ಹಳೆಯ ಗುಡಾಣವನ್ನು ತೊಳೆದು ಹೊಸದೆಂದು ತಂದರೆ, ಬೆರಳಿನಲ್ಲಿ ಒಮ್ಮೆ ಬಾರಿಸಿ, ಮಾತನಾಡದೆ ಹಿಂದಕ್ಕೆ ಕಳಿಸುತ್ತಿದ್ದರು. ಒಂದು ಗುಡಾಣದಲ್ಲಿ ಲಾವಂಚದ ಬೇರು ಹಾಕಿದ ನೀರು. ಇನ್ನೊಂದರಲ್ಲಿ ನೀರುಮಜ್ಜಿಗೆ: ಶುಂಠಿ, ಕರಿಬೇವು, ಇಂಗು, ಉಪ್ಪು, ಮೇಲೆ ನಿಂಬೆಯ ಹುಳಿ. ರಾಮನವಮಿಯ ದಿನ ಮಾತ್ರ ಬೆಲ್ಲದ ಪಾನಕ ಮತ್ತು ಹೆಸರುಬೇಳೆಯ ಕೋಸಂಬರಿ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಬೇಕೇ ಹೊರತು ಮೊದಲೇ ಹಾಕಿದರೆ ಸೌತೆಕಾಯಿ ನೀರುಬಿಟ್ಟು ಕೆಟ್ಟುಹೋಗುವುದು. ಈಚೆಗೆ ನಗರದ ಉತ್ಸವಗಳಲ್ಲಿ ಕೊಡುವ ಕೋಸಂಬರಿಯನ್ನು ತಿಂದ ಮೇಲೆ ಇದನ್ನು ಹೇಳಲೇಬೇಕೆನಿಸಿತು.

ಬೇಸಗೆಯಲ್ಲಿ ಒಬ್ಬನ ಬಾಯಾರಿಕೆ ತಣಿಸಿದರೆ ಅದು ಪಿತೃಗಳಿಗೆ ತಲುಪುವುದೆಂದು ಅಜ್ಜಿಯವರ ದೃಢವಾದ ನಂಬಿಕೆ. ಸಣ್ಣವಯಸ್ಸಿನಲ್ಲಿಯೇ ತೀರಿಕೊಂಡ ಮಗಳೊಬ್ಬಳಿದ್ದಳು. ಅವಳ ಹೆಸರಿನಲ್ಲಿ ಮೊದಲ ಲೋಟವನ್ನು ಮಧ್ಯಾಹ್ನ ಯಾರೋ ಅಪರಿಚಿತರಿಗೆ ಕೊಟ್ಟಲ್ಲದೆ ಅವರು ತಾವು ಊಟಕ್ಕೆ ಕುಳಿತವರಲ್ಲ. ಈ ನಂಬಿಕೆಯನ್ನು ನಗುವಷ್ಟು ವಿದ್ಯೆ ನಮಗೆ ಆಮೇಲೆ ಬಂದಿತು. ನಗಬಾರದೆಂಬ ಬುದ್ಧಿ ಅದಕ್ಕಿಂತಲೂ ತಡವಾಗಿ ಬಂದಿತು.

ಆದರೆ ಚಪ್ಪರದ ಗಳುವಿಗೆ ಒಂದು ಬಿದಿರಿನ ದೋಣಿಯನ್ನು ಕಟ್ಟಿತ್ತು. ಸೀಳಿದ ಬಿದಿರು, ಒಂದೂವರೆ ಮಾರು ಉದ್ದ. ಕೆಲವರಿಗೆ ಹಿತ್ತಾಳೆಯ ಲೋಟ. ಕೆಲವರಿಗೆ ಬೊಗಸೆಗೆ ಹೊಯ್ಯುವುದು. ಮತ್ತೆ ಕೆಲವರು ಚಪ್ಪರದ ನೆರಳಿಗೂ ಬರದೆ ಬಿಸಿಲಿನಲ್ಲಿಯೇ ಬಗ್ಗಿ ನಿಲ್ಲುತ್ತಿದ್ದರು. ಅವರಿಗೆ ಈ ಬಿದಿರು. ಯಾರಿಗೆ ಯಾವುದೆಂದು ಒಬ್ಬರೂ ಕೇಳುತ್ತಿರಲಿಲ್ಲ, ಒಬ್ಬರೂ ಹೇಳುತ್ತಿರಲಿಲ್ಲ. ಕೊಡುವವರಿಗೂ ಕುಡಿಯುವವರಿಗೂ ಗೊತ್ತಿತ್ತು. ಸಣ್ಣ ಊರಿನ ಹಳೆಯ ಬೇಸಗೆಯನ್ನು ಹೊಗಳುವ ಭಾಷಣಗಳಲ್ಲಿ ಪಾನಕವೂ ಲಾವಂಚವೂ ಬರುತ್ತವೆ, ಈ ಬಿದಿರು ಬರುವುದಿಲ್ಲ. ನಾವು ಅದನ್ನು ಬಿಟ್ಟರೆ ಮಾತು ಸೊಗಸಾದೀತು, ನಿಜವಾಗದು.

ಇನ್ನು 1938ರ ಸಂಗತಿ. ಅದು ಬಹುಧಾನ್ಯ ಸಂವತ್ಸರ. ಆ ವರ್ಷದ ಚೈತ್ರ ಶುದ್ಧದಲ್ಲಿ, ಏಪ್ರಿಲ್ 11ರಂದು, ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಬಾವುಟ ಏರಿಸಕೂಡದೆಂದು ಸರ್ಕಾರದ ಅಪ್ಪಣೆಯಿದ್ದರೂ ಅಧ್ಯಕ್ಷರಾದ ಟಿ. ಸಿದ್ಧಲಿಂಗಯ್ಯನವರು ಏರಿಸಿ ದಸ್ತಗಿರಿಯಾದರು. ಆ ಸುದ್ದಿ ಸಂಸ್ಥಾನದ ಊರೂರಿಗೆ ಹಬ್ಬಿತು. ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದ 'ತಾಯಿನಾಡು', 'ವಿಶ್ವಕರ್ಣಾಟಕ' ಪತ್ರಿಕೆಗಳನ್ನು ನಮ್ಮ ಊರಿನಲ್ಲಿ ಒಬ್ಬರು ಜಗಲಿಯ ಮೇಲೆ ಕುಳಿತು ಗಟ್ಟಿಯಾಗಿ ಓದುತ್ತಿದ್ದರಂತೆ, ಇಪ್ಪತ್ತು ಜನ ಸುತ್ತ ಕುಳಿತು ಕೇಳುತ್ತಿದ್ದರಂತೆ. ಓದುವವರ ಗಂಟಲು ಒಣಗಿದರೆ ಮಜ್ಜಿಗೆ ನಮ್ಮ ಚಪ್ಪರದಿಂದ ಹೋಗುತ್ತಿತ್ತು. ಜನಕ್ಕೆ ಗಾಂಧಿಯವರು ತೀರ ಅಪರಿಚಿತರೂ ಆಗಿರಲಿಲ್ಲ. 1927ರ ಬೇಸಗೆಯಲ್ಲಿ ಅವರು ಕಾಯಿಲೆಯಿಂದ ಸುಧಾರಿಸಿಕೊಳ್ಳಲು ಹತ್ತಿರದ ನಂದಿಬೆಟ್ಟದಲ್ಲಿಯೇ ಹಲವು ವಾರ ಇದ್ದರಷ್ಟೆ. ಅದೇ 1927ರ ಮಾರ್ಚ್ 20ರಂದು, ಮುಂಬಯಿ ಪ್ರಾಂತದ ಮಹಾಡಿನಲ್ಲಿ ಅಂಬೇಡ್ಕರರು ತಮ್ಮ ಜನರೊಡನೆ ಊರ ಕೆರೆಗಿಳಿದು ನೀರು ಮುಟ್ಟಿ ಕುಡಿದಿದ್ದರು. ಈ ಎರಡನೆಯ ಸುದ್ದಿ ನಮ್ಮ ಜಗಲಿಯ ಮೇಲೆ ಓದಲ್ಪಟ್ಟಿತೆಂದು ಅಜ್ಜಿಯವರ ಬಾಯಲ್ಲಿ ನಾವೆಂದೂ ಕೇಳಲಿಲ್ಲ.

ಶಿವಪುರವಾದ ಎರಡು ವಾರಕ್ಕೆ, ಅದೇ ಚೈತ್ರದ ಬಹುಳದಲ್ಲಿ, ವಿದುರಾಶ್ವತ್ಥದ ಸರದಿ ಬಂದಿತು. ಆ ಸ್ಥಳವನ್ನು ಕಾಣದವರಿಗಾಗಿ ಒಂದೆರಡು ಮಾತು. ಅಲ್ಲಿ ಅಶ್ವತ್ಥನಾರಾಯಣಸ್ವಾಮಿಯ ದೇವಾಲಯ. ಅದರ ಬಳಿ ವಿದುರನು ನೆಟ್ಟನೆಂದು ಜನ ನಂಬಿದ್ದ ಮಹಾ ಅರಳಿಮರ. ಮರದ ಸುತ್ತ ಮಕ್ಕಳಿಗಾಗಿ ಹರಸಿಕೊಂಡ ದಂಪತಿಗಳು ತಲೆತಲಾಂತರದಿಂದ ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು, ಕಾಲಿಡಲು ಸ್ಥಳವಿಲ್ಲದಷ್ಟು. ವಿದುರನು ದಾಸಿಯ ಮಗ. ಹಸ್ತಿನಾವತಿಗೆ ಸಂಧಿಗೆಂದು ಬಂದ ಕೃಷ್ಣನು ದುರ್ಯೋಧನನ ಔತಣವನ್ನು ಒಲ್ಲದೆ ಆ ದಾಸೀಪುತ್ರನ ಮನೆಯಲ್ಲಿ ಉಂಡನು. ಹೀಗಿರಲಾಗಿ ಅಲ್ಲಿಗೆ ಹೋಗುವ ದಾರಿಯ ಚಪ್ಪರದಲ್ಲಿ ಆ ಬಿದಿರು ಹೇಗೆ ಬಂದಿತೆಂದು ನಾವು ಚಿಕ್ಕಂದಿನಲ್ಲಿ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಪ್ರತಿವರ್ಷವೂ ಹರಿಕಥೆಯಲ್ಲಿ ಆ ಪ್ರಸಂಗ ಬಂದಾಗ ಕಣ್ಣೀರನ್ನು ಮಾತ್ರ ಒರೆಸಿಕೊಂಡೆವು.

1938ರ ಏಪ್ರಿಲ್ 25ರಂದು, ನಿಷೇಧಾಜ್ಞೆಯಿದ್ದರೂ, ಬಾವುಟ ಏರಿಸಲು ಅಲ್ಲಿ ಸುತ್ತಲ ಹಳ್ಳಿಗಳಿಂದ ಜನ ಸೇರಿದರು. ಪೋಲೀಸರು ಗುಂಡು ಹಾರಿಸಿದರು. ಸತ್ತವರು ಸರ್ಕಾರದ ಲೆಕ್ಕದಲ್ಲಿ ಹತ್ತು ಜನ, ಊರವರ ಲೆಕ್ಕದಲ್ಲಿ ಮೂವತ್ತಕ್ಕೂ ಮೇಲೆ. ಗಾಂಧಿಯವರು ವಲ್ಲಭಭಾಯಿ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಬೆಂಗಳೂರಿಗೆ ಕಳುಹಿಸಿದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮೇ ತಿಂಗಳಲ್ಲಿ ಒಡಂಬಡಿಕೆಯಾಗಿ, ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದೆಂದಾಯಿತು, ದಸ್ತಗಿರಿಯಾದವರು ಬಿಡುಗಡೆಯಾದರು. ಇದು ಚರಿತ್ರೆಯ ಪುಸ್ತಕಗಳಲ್ಲಿ ಸಿಕ್ಕುತ್ತದೆ. ಪುಸ್ತಕದಲ್ಲಿ ಸಿಕ್ಕದ ಒಂದು ಸಂಗತಿಯನ್ನು ನಾವು ಅಜ್ಜಿಯವರ ಬಾಯಲ್ಲಿ ಕೇಳಿದ್ದೇವೆ.

ಆ ಸಂಜೆ ಜನ ದಾರಿ ಹಿಡಿದು ಓಡಿಬಂದರಂತೆ. ಊರಿನ ಬಾಗಿಲುಗಳೆಲ್ಲ ಮುಚ್ಚಿದವು. ನಮ್ಮ ಮನೆಯ ಬಾಗಿಲೂ ಮುಚ್ಚಿತು. ಆದರೆ ಚಪ್ಪರವೂ ಗುಡಾಣಗಳೂ ಹೊರಗಿದ್ದುವು. ಅಜ್ಜಿಯವರು ಕಿಟಕಿಯ ಸಂದಿನಿಂದ ನೋಡಿದರು. ಬಂದವರಿಗೆ ಲೋಟವನ್ನು ಹುಡುಕುವ ವ್ಯವಧಾನವಿರಲಿಲ್ಲ. ಬಿದಿರನ್ನು ಯಾರೂ ನೋಡಲಿಲ್ಲ. ಗುಡಾಣದೊಳಕ್ಕೆ ಕೈಯದ್ದಿ ಮೊಗೆದು ಕುಡಿದರು, ಇನ್ನೊಬ್ಬರ ಬಾಯಿಗೂ ಹಾಕಿದರು. ಒಬ್ಬನ ಕೈಯಲ್ಲಿ ರಕ್ತವಿತ್ತು. ಮೇಲುಕುಲದವರೂ ಇದ್ದರು, ಹೊಲಗೇರಿಯವರೂ ಇದ್ದರು. ಕತ್ತಲಾಗುತ್ತಿದ್ದುದರಿಂದ ಯಾರು ಯಾರೆಂದು ತಿಳಿಯಲಿಲ್ಲ. ಎರಡು ಗುಡಾಣಗಳೂ ಬರಿದಾದುವು. "ಅಷ್ಟು ಜನ ಒಂದೇ ದಿನ ನಮ್ಮ ನೀರು ಕುಡಿದದ್ದು ಅದೊಂದೇ ಸಲ ಕಣೋ," ಎಂದು ಅಜ್ಜಿಯವರು ಹೆಮ್ಮೆಯಿಂದ ಹೇಳುತ್ತಿದ್ದರು.

ಮರುದಿನ ಬೆಳಗ್ಗೆ ಅವರು ಎರಡು ಗುಡಾಣಗಳನ್ನೂ ಹಿತ್ತಿಲಿಗೆ ಉರುಳಿಸಿ ಒಡೆಸಿ, ಹೊಸವನ್ನು ತರಿಸಿದರು. ಇದನ್ನೂ ಅವರು ಅದೇ ಧ್ವನಿಯಲ್ಲಿ, ಅದೇ ಹೆಮ್ಮೆಯಿಂದ ಹೇಳುತ್ತಿದ್ದರು. ಎರಡೂ ಅವರಿಗೆ ಧರ್ಮವೇ ಆಗಿದ್ದುವು. ಆ ಮನೆಯ ದೇವರಗೂಡಿನ ಪಕ್ಕದಲ್ಲಿ ಗಾಂಧಿಯವರ ಪಟ ತೂಗಾಡುತ್ತಿತ್ತು. ಅಜ್ಜಿಯವರು ಶುಕ್ರವಾರ ಅದಕ್ಕೂ ಕುಂಕುಮವಿಡುತ್ತಿದ್ದರು.

ನಾವು ಅವರ ಮೇಲೆ ತೀರ್ಪು ಹೇಳುವ ಮುನ್ನ ನಮ್ಮದನ್ನು ಹೇಳಬೇಕು. 1958ರ ಬೇಸಗೆ, ನಮಗೆ ಒಂಬತ್ತು ವರ್ಷ. ಮಧ್ಯಾಹ್ನದ ಚಪ್ಪರದ ಕಾವಲು ನಮ್ಮದು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ತೆಗೆದುಹಾಕಿತ್ತು. 1955ರಲ್ಲಿ ಅದನ್ನು ಅಪರಾಧವೆಂದು ಸಾರುವ ಕಾನೂನೂ ಬಂದಿತ್ತು. ನಾವು ಶಾಲೆಯಲ್ಲಿ ಆಗಸ್ಟ್ 15ರಂದು ಬಾವುಟದ ಕೆಳಗೆ ನಿಂತು ಹಾಡಿ, ಕಲ್ಲುಸಕ್ಕರೆ ತಿಂದು ಬಂದವರು. ಒಂದು ಮಧ್ಯಾಹ್ನ ಬಿಳಿಯ ಮೀಸೆಯ ಮುದುಕನೊಬ್ಬ ಬಿಸಿಲಿನಲ್ಲಿ ನಿಂತು, "ವಸಿ ನೀರು ಬಿಡಿ, ಚಿಕ್ಕಬುದ್ಧಿ," ಎಂದನು. ನಾವು ಲೋಟವನ್ನು ಎತ್ತಿಕೊಂಡೆವು. ಏಕೆಂದು ಈಗಲೂ ಹೇಳಲಾರೆವು, ಲೋಟ ಹತ್ತಿರವಿತ್ತು ಎಂಬುದೊಂದೇ ಕಾರಣವಿದ್ದೀತು. ಒಳಗಿನಿಂದ ಅಜ್ಜಿಯವರು, "ಬಿದಿರು ಅಲ್ಲೇ ಇದೆಯಲ್ಲೋ," ಎಂದರು. ಕೂಗಲಿಲ್ಲ, ಗದರಿಸಲಿಲ್ಲ. ನಾವು ಲೋಟವನ್ನು ಕೆಳಗಿಟ್ಟು ಬಿದಿರನ್ನು ಹಿಡಿದೆವು. ಮುದುಕನು ಬಗ್ಗಿ ಬೊಗಸೆಯೊಡ್ಡಿ ಕುಡಿದು, ಮುಖ ಒರೆಸಿಕೊಂಡು, "ತಣ್ಣಗಿರಿ ಬುದ್ಧಿ," ಎಂದು ಹರಸಿ ಹೋದನು. ಆ ಹರಕೆಯ ಬದಲು ಅವನು ಬೈದಿದ್ದರೆ ನಾವು ಇಷ್ಟು ವರ್ಷ ಅದನ್ನು ನೆನಪಿಟ್ಟುಕೊಂಡಿರುತ್ತಿರಲಿಲ್ಲವೇನೊ.

ಸಮಾಜವು ಕೆಡುತ್ತಿದೆಯೆಂಬ ಚಿಂತೆಯನ್ನು ಇಂದು ಎಲ್ಲರೂ ಮಾಡುತ್ತಾರೆ. ಆಗಲೂ ಮಾಡುತ್ತಿದ್ದರು. ಕಾಫಿ ಹೋಟಲು ಬಂದಾಗ ಊರು ಹಾಳಾಯಿತೆಂದರು. ಹುಡುಗರು ಜುಟ್ಟು ತೆಗೆಸಿ ಕ್ರಾಪು ಬಿಟ್ಟಾಗ, ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋದಾಗ, ಸಿನಿಮಾದ ಡೇರೆ ಬಂದಾಗ ಪುನಃ ಪುನಃ ಹಾಳಾಯಿತೆಂದರು. ಅಷ್ಟು ಸಲ ಹಾಳಾದ ಊರು ಇನ್ನೂ ನಿಂತಿದೆ. ಕಾಫಿ ಹೋಟಲಿನ ಬೆಂಚು, ರೈಲಿನ ಮೂರನೆಯ ದರ್ಜೆಯ ಗಾಡಿ, ಇವು ಹರಿಕಥೆಗಳಿಗಿಂತ ಹೆಚ್ಚಾಗಿ ಜನರನ್ನು ಒಟ್ಟಿಗೆ ಕೂರಿಸಿದುವೆಂದು ನಮ್ಮ ಅಭಿಪ್ರಾಯ. ಕೆಲವು ಊರಿನ ಹೋಟಲುಗಳಲ್ಲಿಯೂ ಬೇರೆ ಲೋಟಗಳಿದ್ದುವೆಂಬುದನ್ನು ಮರೆತಿಲ್ಲ.

ಈಗ ನಮ್ಮ ಊರಿನಲ್ಲಿ ಅಜ್ಜಿಯವರ ಚಪ್ಪರವಿದ್ದ ಸ್ಥಳದ ಎದುರಿಗೆ ಶುದ್ಧ ನೀರಿನ ಘಟಕವಿದೆ. ಐದು ರೂಪಾಯಿಯ ನಾಣ್ಯ ಹಾಕಿದರೆ 20 ಲೀಟರು ನೀರು ಬೀಳುತ್ತದೆ. ಅದು ಬಂದುದಕ್ಕೆ ಕಾರಣವುಂಟು. ಹೊಳೆಯ ಮರಳು ಲಾರಿಗಳಲ್ಲಿ ನಗರಕ್ಕೆ ಹೋಯಿತು. ತಾವು ಕುಳಿತು ಕೇಳುತ್ತಿರುವ ಮನೆಯ ಗೋಡೆಯಲ್ಲಿಯೂ ಅದು ಒಂದಿಷ್ಟು ಇದ್ದೀತು. ಮರಳು ಹೋದಮೇಲೆ ಚಿಲುಮೆಯೂ ಹೋಯಿತು. ಕೆರೆಗಳಲ್ಲಿ ಹೂಳು ತುಂಬಿತು. ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದುವು. ಅಷ್ಟು ಆಳದ ಬಂಡೆಯ ಸಂದಿನಿಂದ ಬರುವ ನೀರಿನಲ್ಲಿ ಫ್ಲೋರೈಡು ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದಾಗುತ್ತವೆ. ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ ಬಾಗುತ್ತದೆ. ಈಗೀಗ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೊಳವೆಗಳಲ್ಲಿ ತಂದು ಈ ಎರಡು ಜಿಲ್ಲೆಗಳ ಕೆರೆಗಳಿಗೆ ಬಿಡುತ್ತಿದ್ದಾರೆ. ಅಂತರ್ಜಲ ಏರಲೆಂದು ಅದರ ಉದ್ದೇಶ, ನೇರವಾಗಿ ಕುಡಿಯಲಿಕ್ಕಲ್ಲ. ಊರಿನ ಮುದುಕರೊಬ್ಬರು ಇದನ್ನು ಕೇಳಿ, "ಮರಳು ಕೊಟ್ಟೆವು, ಕೊಳಚೆ ಕೊಟ್ಟರು," ಎಂದರು. ಮಾತಿನಲ್ಲಿ ಕಹಿಯಿದೆ, ಕೆರೆ ತುಂಬಿ ಅಕ್ಕಪಕ್ಕದ ಬಾವಿಯಲ್ಲಿ ನೀರು ಕಂಡ ರೈತರು ಅಷ್ಟು ಕಹಿಯಾಗಿ ಆಡುವುದಿಲ್ಲ.

ಘಟಕದ ಯಂತ್ರದ ಮುಂದೆ ನಾವು ಬಹಳ ಹೊತ್ತು ನಿಂತು ನೋಡಿದ್ದೇವೆ. ಅದು ಯಾರ ಕುಲವನ್ನೂ ಕೇಳುವುದಿಲ್ಲ. ಅಜ್ಜಿಯವರ ಚಪ್ಪರವು ಅರವತ್ತು ವರ್ಷ ಮಾಡದ ಕೆಲಸವನ್ನು ಅದು ಮೊದಲನೆಯ ದಿನವೇ ಮಾಡಿತು. ಇದನ್ನು ಒಪ್ಪಿಕೊಳ್ಳದವನು ಹಳೆಯದರ ಮೋಹದಿಂದ ಕುರುಡಾದವನು. ಆದರೆ ನಾಣ್ಯವಿಲ್ಲದ ದಾರಿಹೋಕನಿಗೆ ಅದು ಒಂದು ತೊಟ್ಟನ್ನೂ ಕೊಡದು, ಬಿದಿರಿನಲ್ಲಿಯೂ ಕೊಡದು. ನಮ್ಮ ಚಿಂತೆಯೆಲ್ಲ ಇಲ್ಲಿ ಬಂದು ನಿಲ್ಲುತ್ತದೆ. ಬಿದಿರನ್ನು ಬಿಸಾಡಿದ ಕೈಯೇ ಚಪ್ಪರವನ್ನೂ ಕಿತ್ತುಹಾಕಬೇಕಾಗಿತ್ತೆ? ಲೋಟವನ್ನು ಎಲ್ಲರ ಕೈಗೂ ಕೊಡುವುದು ಅಷ್ಟು ಕಷ್ಟವೆಂದು, ಲೋಟವನ್ನೇ ಒಳಗಿಟ್ಟು ಬಾಗಿಲು ಹಾಕಿಕೊಂಡೆವೋ ಎಂದು ಒಮ್ಮೊಮ್ಮೆ ಸಂದೇಹ ಬರುತ್ತದೆ. ಅಜ್ಜಿಯವರ ಕಾಲಾನಂತರ ಚಪ್ಪರ ನಿಲ್ಲಿಸಿದವರು ನಾವೇ. ಕೆಲಸದ ಮೇಲೆ ನಗರಕ್ಕೆ ಬಂದೆವು, ಮನೆಯನ್ನು ಬಾಡಿಗೆಗೆ ಕೊಟ್ಟೆವು. ಕಾರಣಗಳು ಎಲ್ಲರಿಗೂ ಇರುವಂಥವು.

ವಿದುರಾಶ್ವತ್ಥದ ಆ ಹಳೆಯ ಮರ 2001ರಲ್ಲಿ ಉರುಳಿಬಿದ್ದಿತು. ನಾಗರಕಲ್ಲುಗಳು ಇವೆ, ದಂಪತಿಗಳು ಈಗಲೂ ಬಂದು ಪ್ರತಿಷ್ಠೆ ಮಾಡಿಸುತ್ತಾರೆ. ಗುಂಡಿಗೆ ಬಲಿಯಾದವರ ಸ್ಮಾರಕವೂ ಅಲ್ಲಿದೆ. ದೇವರಿಗೆ ಬಂದವರಲ್ಲಿ ಕೆಲವರು ಅದನ್ನೂ ನೋಡಿ ಹೋಗುತ್ತಾರೆ. ಅದನ್ನು ನೋಡಲು ಬಂದವರಲ್ಲಿ ಕೆಲವರು ದೇವರಿಗೂ ಕೈಮುಗಿಯುತ್ತಾರೆ.

ಕಳೆದ ಚೈತ್ರದಲ್ಲಿ ನಾವು ಅಲ್ಲಿಗೆ ಹೋಗಿ ಹಿಂದಿರುಗುವಾಗ ಊರಿನಲ್ಲಿ ಇಳಿದೆವು. ಬಸ್ಸು ನಿಲ್ಲುವ ಕಡೆಯಲ್ಲಿ ನಾಲ್ಕಾರು ಹುಡುಗರು ಹಸುರು ಬಲೆಬಟ್ಟೆಯ ನೆರಳು ಕಟ್ಟಿ, ಒದ್ದೆ ಗೋಣಿ ಸುತ್ತಿದ ಎರಡು ಮಡಕೆಗಳಲ್ಲಿ ನೀರಿಟ್ಟಿದ್ದರು. ನೀರು ಘಟಕದ್ದೇ; ತಾವೇ ಚಂದಾಹಾಕಿ ನಾಣ್ಯ ಕೊಟ್ಟು ತಂದದ್ದು. ಸ್ಟೀಲಿನ ಲೋಟಕ್ಕೆ ಸರಪಣಿ ಹಾಕಿತ್ತು. ಯಾರ ಹೆಸರಿನಲ್ಲಿ ಇಟ್ಟಿದ್ದೀರೆಂದು ಕೇಳಿದೆವು. "ಹಂಗೇನಿಲ್ಲ ತಾತ, ಬಿಸಿಲಲ್ವಾ, ಅದಕ್ಕೆ," ಎಂದನು ಒಬ್ಬ.

ಅಷ್ಟರಲ್ಲಿ ವಿದ್ಯುತ್ತು ಹೋಗಿ ಘಟಕ ನಿಂತಿತು. ಬಸ್ಸಿನಿಂದಿಳಿದ ಜಾತ್ರೆಯ ಜನ ಮಡಕೆಗಳತ್ತ ಬಂದರು. ಕಾಲು ಗಂಟೆಯಲ್ಲಿ ಎರಡೂ ಬರಿದಾದುವು. ಶಾಲೆಯ ತೊಟ್ಟಿಯಿಂದ ತರೋಣವೆಂದು ಆ ಹುಡುಗನು ಒಂದು ದೊಡ್ಡ ಕೊಳದಪ್ಪಲೆಯನ್ನು ಎಳೆದು ತಂದು, ಸುತ್ತ ನೋಡಿ, ಬೇರೆ ಯಾರೂ ಬಿಡುವಾಗಿರದಿದ್ದುದರಿಂದ, "ತಾತ, ಒಂದು ಕಡೆ ಹಿಡ್ಕೊಳ್ತೀರಾ?" ಎಂದನು. ಹಿಡಿದೆವು. ತುಂಬಿದ ಕೊಳದಪ್ಪಲೆಯ ಭಾರಕ್ಕೆ ದಾರಿಯಲ್ಲಿ ಎರಡು ಸಲ ಇಳಿಸಿ ಸುಧಾರಿಸಿಕೊಂಡೆವು. ಅವನ ಹೆಸರನ್ನಾಗಲಿ, ಅವನು ಯಾರ ಪೈಕಿಯೆಂಬುದನ್ನಾಗಲಿ ನಾವು ಕೇಳಲಿಲ್ಲ. ಕೇಳಬೇಕೆಂದು ಎರಡನೆಯ ಸಲ ಇಳಿಸಿದಾಗ ಬಾಯಿಗೆ ಬಂದದ್ದು ನಿಜ.